ಅಳಿಸಬಲ್ಲ ಯಂತ್ರ, ಉಳಿಸಿಕೊಂಡ ಮನೆಗಳು

ಸ್ಯಾಮ್ಯುಯೆಲ್ ಬೆಕೆಟ್‌ನ ‘ಕ್ರ್ಯಾಪ್ಸ್ ಲಾಸ್ಟ್ ಟೇಪ್’ ನಾಟಕ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಮೊದಲ ಪ್ರದರ್ಶನ ಕಂಡದ್ದು 1958ರ ಅಕ್ಟೋಬರ್ 28ರಂದು. 69 ವರ್ಷದ ಒಂಟಿ ಮುದುಕನೊಬ್ಬ ಹುಟ್ಟುಹಬ್ಬದ ದಿನ ಟೇಪ್ ರೆಕಾರ್ಡರಿನ ಮುಂದೆ ಕೂತು, 39ನೇ ವಯಸ್ಸಿನಲ್ಲಿ ತಾನೇ ಮಾತಾಡಿಟ್ಟಿದ್ದ ಸ್ಪೂಲನ್ನು ಹಾಕಿ ಕೇಳುತ್ತಾನೆ. ನಡುನಡುವೆ ನಿಲ್ಲಿಸುತ್ತಾನೆ, ಹಿಂದಕ್ಕೆ ತಿರುಗಿಸುತ್ತಾನೆ, ಬೇಡವಾದದ್ದನ್ನು ಓಡಿಸಿ ದಾಟುತ್ತಾನೆ. ನಾಟಕ ನಡೆಯುವ ಕಾಲವನ್ನು ಬೆಕೆಟ್ ಭವಿಷ್ಯಕ್ಕೆ ತಳ್ಳಿದ್ದಾನೆ. ಇದಕ್ಕೆ ತಾತ್ವಿಕ ಅರ್ಥಗಳನ್ನು ಹಚ್ಚಬಹುದು. ಆದರೆ ಅದರ ಹಿಂದೆ ಒಂದು ಸರಳ ಲೆಕ್ಕವೂ ಇದೆ. 1958ರಲ್ಲಿ ಮೂವತ್ತು ವರ್ಷ ಹಳೆಯ ಟೇಪು ಯಾರ ಮನೆಯಲ್ಲೂ ಇರಲು ಸಾಧ್ಯವಿರಲಿಲ್ಲ. ಕಾಗದದ ಪಟ್ಟಿಗೆ ಕಬ್ಬಿಣದ ಪುಡಿ ಹಚ್ಚಿ ಅದರ ಮೇಲೆ ಧ್ವನಿ ಹಿಡಿಯುವ ಉಪಾಯಕ್ಕೆ ಜರ್ಮನಿಯ ಫ್ರಿಟ್ಸ್ ಫ್ಲಾಯ್ಮರ್ ಪೇಟೆಂಟ್ ಪಡೆದದ್ದೇ 1928ರಲ್ಲಿ.

ಈಗ ಆ ಲೆಕ್ಕ ತಿರುಗುಮುರುಗಾಗಿದೆ. ಐವತ್ತು, ಅರವತ್ತು ವರ್ಷ ಹಳೆಯ ಸ್ಪೂಲುಗಳು ಅಟ್ಟಗಳಲ್ಲಿ, ಟ್ರಂಕುಗಳಲ್ಲಿ ಬಿದ್ದಿವೆ. ಅವನ್ನು ಕೇಳಿಸುವ ಯಂತ್ರಗಳು ಮಾತ್ರ ಕಡಿಮೆಯಾಗುತ್ತಿವೆ. ಅಂಥ ಒಂದು ಹಳೆಯ ಸ್ಪೂಲ್ ಟೇಪ್ ರೆಕಾರ್ಡರನ್ನು ನಾನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ, ಬಳಸುತ್ತಲೂ ಇದ್ದೇನೆ. ಇದನ್ನು ಬರಿಯ ಹಳೆಯ ವಸ್ತುಗಳ ಶೋಕಿ ಎಂದು ನೋಡುವವರಿಗೆ ಈ ಯಂತ್ರದ ಚರಿತ್ರೆಯ ಒಂದು ಎಳೆಯನ್ನು ಹೇಳಬೇಕೆನಿಸುತ್ತದೆ. ಇಪ್ಪತ್ತನೆಯ ಶತಮಾನದ ಎಷ್ಟೋ ಧ್ವನಿಗಳನ್ನು ದೊಡ್ಡ ಸಂಸ್ಥೆಗಳು ಅಳಿಸಿದವು, ಇಲ್ಲವೇ ಹೊರಗಿಟ್ಟವು. ಅವು ಉಳಿದದ್ದು ಮನೆಗಳಲ್ಲಿ.

ಮನೆಯಲ್ಲಿ ಧ್ವನಿಮುದ್ರಿಸುವುದು ಟೇಪಿನಿಂದಲೇ ಶುರುವಾಯಿತು ಎನ್ನುವಂತಿಲ್ಲ. ಎಡಿಸನ್ನನ ಮೇಣದ ಸಿಲಿಂಡರಿನ ಫೋನೋಗ್ರಾಫಿನಲ್ಲಿ ಮನೆಯವರೂ ಕೆಲವು ನಿಮಿಷ ಮಾತಾಡಿ ಇಡಬಹುದಿತ್ತು. ಆದರೆ ಪೈಪೋಟಿಯಲ್ಲಿ ಗ್ರಾಮಫೋನಿನ ತಟ್ಟೆ ಗೆದ್ದಿತು. ತಟ್ಟೆ ಅಗ್ಗ, ಗಟ್ಟಿ, ಸಾವಿರಗಟ್ಟಲೆ ಅಚ್ಚು ಹಾಕಬಹುದು. ಮನೆಯಲ್ಲಿ ಮಾತ್ರ ಅದನ್ನು ಕೇಳಬಹುದೇ ಹೊರತು ಅದರೊಳಗೆ ಏನನ್ನೂ ತುಂಬಲಾಗದು. ಹೀಗೆ ಕೆಲವು ದಶಕಗಳ ಕಾಲ ಮನೆಯವರು ಬರಿಯ ಕೇಳುಗರಾದರು. ಯಾರ ಧ್ವನಿ ಉಳಿಯಬೇಕೆಂಬುದು ಕಂಪನಿಗಳ ತೀರ್ಮಾನವಾಯಿತು.

ಅಯಸ್ಕಾಂತದ ಮೂಲಕ ಧ್ವನಿ ಹಿಡಿಯಬಹುದೆಂದು ತೋರಿಸಿದವನು ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಯಂತ್ರ ಉಕ್ಕಿನ ತಂತಿಯ ಮೇಲೆ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫನ ಮಾತನ್ನು ಹಿಡಿಯಿತು. ಅದು ಇಂದಿಗೂ ಉಳಿದಿದೆ. ಫ್ಲಾಯ್ಮರನ ಪಟ್ಟಿಯ ವಿಚಾರವನ್ನು ಎಇಜಿ ಮತ್ತು ಬಿಎಎಸ್‌ಎಫ್ ಕಂಪನಿಗಳು ಬೆಳೆಸಿ, 1935ರ ಬರ್ಲಿನ್ ರೇಡಿಯೋ ಪ್ರದರ್ಶನದಲ್ಲಿ ‘ಮ್ಯಾಗ್ನೆಟೊಫೋನ್’ ಯಂತ್ರವನ್ನು ತೋರಿಸಿದವು. ಮರುವರ್ಷ ನವೆಂಬರಿನಲ್ಲಿ ಲುಡ್ವಿಗ್ಸ್‌ಹಾಫೆನ್‌ನಲ್ಲಿ ಥಾಮಸ್ ಬೀಚಮ್ ನಿರ್ದೇಶಿಸಿದ ಲಂಡನ್ ಫಿಲ್‌ಹಾರ್ಮೋನಿಕ್ ಕಛೇರಿಯನ್ನು ಅದರಲ್ಲಿ ಮುದ್ರಿಸಿದರು. ಗೊರಗೊರ ಸದ್ದು ಆಗಿನ್ನೂ ಹೆಚ್ಚಾಗಿತ್ತು. 1940ರಲ್ಲಿ ಜರ್ಮನ್ ರೇಡಿಯೋದ ವಾಲ್ಟರ್ ವೆಬರ್ ಮತ್ತು ಫಾನ್ ಬ್ರೌನ್‌ಮ್ಯೂಲ್, ಧ್ವನಿಯ ಜೊತೆಗೆ ಕಿವಿಗೆ ಕೇಳಿಸದಷ್ಟು ಎತ್ತರದ ಕಂಪನವೊಂದನ್ನು ಬೆರೆಸಿ ಮುದ್ರಿಸಿದರೆ ಆ ಸದ್ದು ತೀರಾ ತಗ್ಗುವುದೆಂದು ಕಂಡುಕೊಂಡರು. ಅಂದಿನಿಂದ ಟೇಪಿನ ಧ್ವನಿ ಸ್ಟುಡಿಯೋದಲ್ಲಿ ಎದುರಿಗೇ ಹಾಡಿದಷ್ಟು ಹತ್ತಿರವಾಯಿತು.

ಯುದ್ಧ ಮುಗಿದಾಗ ಅಮೆರಿಕದ ಸೈನ್ಯದ ಸಂಪರ್ಕ ವಿಭಾಗದಲ್ಲಿದ್ದ ಜ್ಯಾಕ್ ಮುಲಿನ್ ಎಂಬ ಎಂಜಿನಿಯರ್ ಜರ್ಮನಿಯ ಬಾಡ್ ನೌಹೈಮ್‌ನಲ್ಲಿ ಈ ಯಂತ್ರಗಳನ್ನು ಕಂಡ. ಎರಡು ಯಂತ್ರಗಳನ್ನು ಬಿಚ್ಚಿ, ಐವತ್ತು ಸ್ಪೂಲುಗಳ ಜೊತೆ ಅಂಚೆಯಲ್ಲಿ ಊರಿಗೆ ಕಳಿಸಿದ. 1946ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಂಜಿನಿಯರುಗಳ ಮುಂದೆ ಅವನ್ನು ನುಡಿಸಿ ತೋರಿಸಿದ. ವಾರವಾರವೂ ರೇಡಿಯೋದಲ್ಲಿ ನೇರವಾಗಿ ಹಾಡಿ ದಣಿದಿದ್ದ ಗಾಯಕ ಬಿಂಗ್ ಕ್ರಾಸ್ಬಿಗೆ ಇದು ವರವಾಗಿ ಕಂಡಿತು. 1947ರಿಂದ ಅವನ ಕಾರ್ಯಕ್ರಮಗಳು ಟೇಪಿನಿಂದ ಪ್ರಸಾರವಾದವು. ಆಂಪೆಕ್ಸ್ ಎಂಬ ಚಿಕ್ಕ ಕಂಪನಿಗೆ ಅವನು 50,000 ಡಾಲರ್ ಕೊಟ್ಟ. 1948ರಲ್ಲಿ ಅದರ ಮೊದಲ ಯಂತ್ರಗಳು ಹೊರಬಂದವು. ಅಷ್ಟರಲ್ಲಾಗಲೇ, 1946ರಲ್ಲಿ, ಬ್ರಷ್ ಕಂಪನಿಯ ‘ಸೌಂಡ್‌ಮಿರರ್’ ಎಂಬ ಮನೆಬಳಕೆಯ ಟೇಪ್ ರೆಕಾರ್ಡರ್ ಅಮೆರಿಕದ ಅಂಗಡಿಗಳಿಗೆ ಬಂದಿತ್ತು. 1950, 60ರ ದಶಕಗಳಲ್ಲಿ ಗ್ರುಂಡಿಗ್, ಫಿಲಿಪ್ಸ್, ರೆವಾಕ್ಸ್, ಸೋನಿ, ಅಕಾಯ್ ಯಂತ್ರಗಳು ಹಲವು ದೇಶಗಳ ಮನೆಗಳನ್ನು ಹೊಕ್ಕವು.

ಯಂತ್ರದ ರಚನೆ ತೀರಾ ಸರಳ. ಎಡಗಡೆಯ ಸ್ಪೂಲಿನಿಂದ ಕಾಲಿಂಚು ಅಗಲದ ಟೇಪು ಬಿಚ್ಚಿಕೊಂಡು ಬಲಗಡೆಯದಕ್ಕೆ ಸುತ್ತಿಕೊಳ್ಳುತ್ತದೆ. ನಡುವೆ ಅದು ಹೆಡ್ಡುಗಳನ್ನು ಸವರಿಕೊಂಡು ಹೋಗುತ್ತದೆ. ಮೊದಲನೆಯದು ಅಳಿಸುತ್ತದೆ, ಎರಡನೆಯದು ಮುದ್ರಿಸುತ್ತದೆ, ಮೂರನೆಯದು ಕೇಳಿಸುತ್ತದೆ. (ಅಗ್ಗದ ಯಂತ್ರಗಳಲ್ಲಿ ಕೊನೆಯ ಎರಡೂ ಒಂದೇ.) ಮುದ್ರಿಸುವ ಹೆಡ್ಡಿಗಿಂತ ಮೊದಲೇ ಅಳಿಸುವ ಹೆಡ್ಡು ಬರುತ್ತದೆ ಎಂಬುದನ್ನು ಗಮನಿಸಬೇಕು. ಹೊಸದನ್ನು ಹಿಡಿಯಬೇಕಾದರೆ ಹಳೆಯದು ಹೋಗಲೇಬೇಕು. ಒಂದೇ ಟೇಪನ್ನು ಮತ್ತೆ ಮತ್ತೆ ಬಳಸಬಹುದು ಎಂಬುದೇ ಅದರ ದೊಡ್ಡ ಗುಣ. ಅದೇ ಅದರ ದೊಡ್ಡ ಅಪಾಯ.

ಈ ಅಪಾಯಕ್ಕೆ ಬಿಬಿಸಿಯ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗದು. ವಿಡಿಯೋ ಟೇಪು ದುಬಾರಿ, ಮರುಪ್ರಸಾರಕ್ಕೆ ಕಲಾವಿದರ ಸಂಘಗಳ ಕಟ್ಟುಪಾಡು, ಕಪ್ಪು ಬಿಳುಪಿನ ಕಾರ್ಯಕ್ರಮಗಳಿಗೆ ಇನ್ನು ಬೆಲೆಯಿಲ್ಲವೆಂಬ ಎಣಿಕೆ. ಈ ಎಲ್ಲ ಕಾರಣಗಳಿಂದ 1960, 70ರ ದಶಕಗಳಲ್ಲಿ ಅದು ತನ್ನದೇ ಕಾರ್ಯಕ್ರಮಗಳನ್ನು ಅಳಿಸಿ ಟೇಪನ್ನು ಮರುಬಳಕೆ ಮಾಡಿತು. ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಆರು ವರ್ಷಗಳ 253 ಕಂತುಗಳಲ್ಲಿ ನೂರರ ಸಮೀಪ ಕಂತುಗಳ ಚಿತ್ರ ಹೀಗೆ ಕಾಣೆಯಾಯಿತು. ಮೊದಲ ನಾಯಕನಟ ವಿಲಿಯಂ ಹಾರ್ಟ್‌ನೆಲ್ ಪಾತ್ರದಿಂದ ನಿರ್ಗಮಿಸುವ 1966ರ ಕಂತೂ ಅವುಗಳಲ್ಲೊಂದು. ಆದರೆ ಕಾಣೆಯಾದ ಎಲ್ಲ ಕಂತುಗಳ ಧ್ವನಿಯೂ ಇಂದು ನಮಗೆ ಸಿಗುತ್ತದೆ. ಅದನ್ನು ಉಳಿಸಿದವರು ನೋಡುಗರು, ಹಲವರು ಆಗಿನ್ನೂ ಹದಿಹರೆಯದ ಹುಡುಗರು. ವಿಡಿಯೋ ರೆಕಾರ್ಡರ್ ಆಗ ಮನೆಗೆ ಬಂದಿರಲಿಲ್ಲ. ಮನೆಯ ಸ್ಪೂಲ್ ರೆಕಾರ್ಡರಿನ ಮೈಕನ್ನು ಟಿವಿಯ ಮುಂದಿಟ್ಟು, ಕೆಲವರು ಟಿವಿಯ ಸ್ಪೀಕರಿನ ತಂತಿಗೇ ಜೋಡಿಸಿ, ವಾರವಾರವೂ ಕೇಳಿದ್ದನ್ನು ಹಿಡಿದಿಟ್ಟರು. ದಶಕಗಳ ಬಳಿಕ ಬಿಬಿಸಿ ತನ್ನ ಕಾರ್ಯಕ್ರಮದ ಧ್ವನಿಯನ್ನು ಇವರಿಂದಲೇ ಪಡೆದು ಸಿಡಿಗಳಲ್ಲಿ ಹೊರತಂದಿತು. ಚಿತ್ರ ಕಳೆದುಹೋದ ಹಲವು ಕಂತುಗಳಿಗೆ ಆ ಧ್ವನಿಯ ಮೇಲೆಯೇ ಆ್ಯನಿಮೇಷನ್ ಕಟ್ಟಲಾಯಿತು.

ಬಿಬಿಸಿ ಅಳಿಸಿದ್ದು ಉದಾಸೀನದಿಂದ. ಸೋವಿಯತ್ ಒಕ್ಕೂಟದಲ್ಲಿ ಕೆಲವು ಧ್ವನಿಗಳು ಮುದ್ರಣವನ್ನೇ ಕಾಣದಂತೆ ತಡೆಹಿಡಿಯಲಾಗಿತ್ತು. ಗ್ರಾಮಫೋನ್ ತಟ್ಟೆ ಒತ್ತುವುದು, ಪುಸ್ತಕ ಅಚ್ಚು ಹಾಕುವುದು ಎರಡೂ ಸರ್ಕಾರದ ಕೈಯಲ್ಲಿದ್ದವು. ಆದರೆ 1960ರ ದಶಕದಲ್ಲಿ ಮನೆಬಳಕೆಯ ಟೇಪ್ ರೆಕಾರ್ಡರುಗಳು ಅಲ್ಲಿಯ ಅಂಗಡಿಗಳಲ್ಲಿ ಸಿಗುತ್ತಿದ್ದವು. ಬುಲಾತ್ ಒಕುದ್ಜಾವಾ, ಅಲೆಕ್ಸಾಂದ್ರ್ ಗಾಲಿಚ್, ವ್ಲಾದಿಮಿರ್ ವಿಸೋತ್ಸ್‌ಕಿ ಇಂಥವರು ಗೆಳೆಯರ ಮನೆಗಳಲ್ಲಿ ಗಿಟಾರ್ ಹಿಡಿದು ತಮ್ಮ ಕವಿತೆಗಳನ್ನು ಹಾಡುತ್ತಿದ್ದರು. ಮೇಜಿನ ಮೇಲೆ ರೆಕಾರ್ಡರ್ ತಿರುಗುತ್ತಿತ್ತು. ಆ ಸ್ಪೂಲಿನಿಂದ ಇನ್ನೊಂದು, ಅದರಿಂದ ಮತ್ತೊಂದು ಪ್ರತಿಯಾಗಿ ಹಾಡು ಊರೂರು ದಾಟುತ್ತಿತ್ತು. ಇದಕ್ಕೆ ‘ಮ್ಯಾಗ್ನಿತಿಜ್ದಾತ್’ ಎಂಬ ಹೆಸರೇ ಬಂತು; ಟೇಪಿನ ಸ್ವಯಂಪ್ರಕಾಶನ ಎನ್ನಬಹುದು. ಗಾಲಿಚ್ ತನ್ನ ಒಂದು ಹಾಡಿನಲ್ಲಿ ಬೆರಳಚ್ಚು ಯಂತ್ರದ ಪಕ್ಕದಲ್ಲೇ ‘ಯೌಜಾ’ ಎಂಬ ಸೋವಿಯತ್ ಟೇಪ್ ರೆಕಾರ್ಡರಿನ ಹೆಸರನ್ನೂ ತಂದಿದ್ದಾನೆ. 1971ರಲ್ಲಿ ಅವನನ್ನು ಲೇಖಕರ ಸಂಘದಿಂದ ಹೊರಹಾಕಿದರು, 1974ರಲ್ಲಿ ಅವನು ದೇಶವನ್ನೇ ಬಿಡಬೇಕಾಯಿತು. ಹಾಡುಗಳು ಮಾತ್ರ ಸ್ಪೂಲುಗಳಲ್ಲಿ ಅಲ್ಲೇ ಉಳಿದವು. 1980ರಲ್ಲಿ ವಿಸೋತ್ಸ್‌ಕಿ ತೀರಿಕೊಂಡಾಗ ಅವನ ನೂರಾರು ಹಾಡುಗಳಲ್ಲಿ ಅಲ್ಲಿ ಅಧಿಕೃತ ತಟ್ಟೆಗಳಾಗಿ ಬಂದಿದ್ದವು ತೀರಾ ಕೆಲವೇ. ಆದರೂ ಅವನ ಧ್ವನಿಯನ್ನು ಅರಿಯದವರು ಆ ದೇಶದಲ್ಲಿ ವಿರಳ. ಪ್ರತಿಯಿಂದ ಪ್ರತಿಗೆ ಗೊರಗೊರ ಹೆಚ್ಚುತ್ತಾ ಹೋಗುತ್ತದೆ. ಆ ಸದ್ದಿನಲ್ಲಿ ಹಾಡು ಎಷ್ಟು ಕೈ ದಾಟಿ ಬಂದಿದೆಯೆಂಬುದರ ಗುರುತೂ ಇರುತ್ತದೆ.

ನಮ್ಮಲ್ಲಿ ಸ್ಪೂಲ್ ಟೇಪು ಮುಖ್ಯವಾಗಿ ಆಕಾಶವಾಣಿಯ, ವಿಶ್ವವಿದ್ಯಾಲಯಗಳ, ಸಿನಿಮಾದವರ ವಸ್ತುವಾಗಿತ್ತು. ಮನೆಯಲ್ಲಿ ಕಾಣುತ್ತಿದ್ದುದು ಉಳ್ಳವರಲ್ಲಿ, ಇಲ್ಲವೇ ವಿದೇಶದಿಂದ ಬಂದವರಲ್ಲಿ. ಆದರೆ ನಮ್ಮ ಸಂಗೀತಕ್ಕೆ ಅದು ಮಾಡಿದ ಉಪಕಾರವನ್ನು ಲೆಕ್ಕದಲ್ಲೇ ತೋರಿಸಬಹುದು. 78ರ ಗ್ರಾಮಫೋನ್ ತಟ್ಟೆಯ ಒಂದು ಮುಖಕ್ಕೆ ಸುಮಾರು ಮೂರು ನಿಮಿಷ. ಮಲ್ಲಿಕಾರ್ಜುನ ಮನಸೂರರೂ ತರುಣರಾಗಿದ್ದಾಗ ಎಚ್‌ಎಂವಿಗಾಗಿ ಇಂಥ ತಟ್ಟೆಗಳಲ್ಲೇ ಹಾಡಿದ್ದರು. ಆಲಾಪವನ್ನು ಬೆಳೆಸಲು ಅಲ್ಲಿ ಎಡೆಯೆಲ್ಲಿ? ಏಳಿಂಚಿನ ಸ್ಪೂಲಿನಲ್ಲಿ 1,200 ಅಡಿ ಟೇಪು ಹಿಡಿಯುತ್ತದೆ. ಸೆಕೆಂಡಿಗೆ 19 ಸೆಂಟಿಮೀಟರ್ ವೇಗದಲ್ಲಿ ಅದು 32 ನಿಮಿಷ ಓಡುತ್ತದೆ, ಅದರರ್ಧ ವೇಗದಲ್ಲಿ 64 ನಿಮಿಷ. ಒಂದು ರಾಗ ನಿಧಾನವಾಗಿ ಬಿಚ್ಚಿಕೊಳ್ಳುವ ಬಗೆ, ಗಾಯಕ ತಡೆದು ಮತ್ತೆ ಹೊರಡುವ ಬಗೆ, ಮನೆಯ ಬೈಠಕ್ಕಿನಲ್ಲಿ ಕೇಳುಗರ ‘ವಾಹ್’ ಎಲ್ಲವೂ ಅದರಲ್ಲಿ ಸೇರಿದವು. 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್ ಬಂತು. ಅದರ ಟೇಪು ಇನ್ನೂ ಕಿರಿದು, ವೇಗ ಇನ್ನೂ ಕಡಿಮೆ, ಬೆಲೆ ಕೈಗೆಟುಕುವಂಥದ್ದು. ಮುಂದೆ ಅದು ಬೀದಿ ಬೀದಿಗೂ ಹರಡಿದಾಗ ಸ್ಪೂಲು ಅಟ್ಟ ಹತ್ತಿತು.

ನನ್ನ ಬಳಿ ಬರುವ ಸ್ಪೂಲುಗಳು ಆ ಅಟ್ಟಗಳಿಂದಲೇ ಇಳಿದವು. ಒಮ್ಮೆ ಪರಿಚಿತರೊಬ್ಬರು ತಮ್ಮ ಅಜ್ಜನ ಮನೆಯ ಬೈಠಕ್ಕಿನದೆಂದು ಒಂದನ್ನು ತಂದುಕೊಟ್ಟರು. ಹಾಡು ನಡೆಯುತ್ತಿತ್ತು, ಲೋಟಗಳ ಸದ್ದಿತ್ತು. ನಡುವೆ ಮಗುವೊಂದು ಅತ್ತಿತು. ಹೆಂಗಸಿನ ಧ್ವನಿಯೊಂದು ಮೆಲ್ಲಗೆ, “ಮಗೂನ ಒಳಗೆ ಕರ್ಕೊಂಡ್ ಹೋಗೇ” ಎಂದಿತು. ತಂದವರು ಎದ್ದು ನಿಂತುಬಿಟ್ಟರು. ಅದು ಅವರ ಅಜ್ಜಿಯ ಧ್ವನಿ. ಆಕೆಯದೆಂದು ಉಳಿದಿರುವುದು ಆ ಒಂದೇ ಮಾತು. ಗಾಯಕರ ಬೇರೆ ಧ್ವನಿಮುದ್ರಣಗಳು ಸಿಗಬಹುದು. ಅಜ್ಜಿಯದು ಎಲ್ಲಿ ಸಿಗಬೇಕು?

ಇಂಥ ಟೇಪನ್ನು ಕೇಳುವುದಕ್ಕೆ ತಾಳ್ಮೆ ಬೇಕು. ಪ್ರತಿಸಲವೂ ಹೆಡ್ಡುಗಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುತ್ತೇನೆ. ಸ್ಪೂಲನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಬದಿಯಿಂದ ಬೆಳಕು ಹಾಯ್ದರೆ ಅದು ಹಳೆಯ ಅಸಿಟೇಟ್ ಟೇಪು. ವಿನಿಗರ್ ವಾಸನೆಯಿದ್ದರೆ ಅದರ ಕಾಲ ಮುಗಿಯುತ್ತಾ ಬಂದಿದೆ. ಪಾಲಿಯೆಸ್ಟರ್ ಟೇಪು ಗಟ್ಟಿ, ಆದರೆ 1970, 80ರ ದಶಕಗಳ ಕೆಲವು ಟೇಪುಗಳಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಹಾಕಿದರೆ ಕಿರುಗುಟ್ಟುತ್ತದೆ, ಕಂದು ಪುಡಿ ಹೆಡ್ಡಿಗೆ ಮೆತ್ತುತ್ತದೆ. ಆ ಪುಡಿಯೇ ಧ್ವನಿ. ಬಲ್ಲವರು ಅಂಥ ಟೇಪನ್ನು 50 ಡಿಗ್ರಿಗಿಂತ ತುಸು ಹೆಚ್ಚಿನ ಹದವಾದ ಶಾಖದಲ್ಲಿ ಹಲವು ಗಂಟೆ ಇಟ್ಟು, ತಾತ್ಕಾಲಿಕವಾಗಿ ಸರಿಪಡಿಸಿ, ಕೂಡಲೇ ಪ್ರತಿ ತೆಗೆಯುತ್ತಾರೆ. ಅಸಿಟೇಟಿಗೆ ಈ ಚಿಕಿತ್ಸೆ ಕೂಡದು. ನಮ್ಮ ಮಳೆಗಾಲ, ಅದರಲ್ಲೂ ಕರಾವಳಿ ಮಲೆನಾಡಿನದು, ಎರಡು ಬಗೆಯ ಟೇಪಿಗೂ ಶತ್ರು.

ಆಸ್ಟ್ರೇಲಿಯಾದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಸಂಗ್ರಹಾಲಯ, 2025ರೊಳಗೆ ಡಿಜಿಟಲ್ ರೂಪಕ್ಕೆ ಬಾರದ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪಿಹೋಗುತ್ತವೆಂದು ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೋ ಕೂಡ ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದೊಡನೆ ಇದೇ ಎಚ್ಚರಿಕೆ ಕೊಟ್ಟಿತು. ಟೇಪು ಹಾಳಾಗುವುದರ ಜೊತೆಗೆ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲ ಕೈಗಳು ಇಲ್ಲವಾಗುವುದೇ ಅವರ ಆತಂಕ. ಆ ಗಡುವು ಬಂದಾಗಿದೆ. ಸಂಶೋಧಕರ ಧ್ವನಿಮುದ್ರಣಗಳನ್ನು ಕಾಪಾಡಲು 1982ರಲ್ಲಿ ಆರಂಭವಾದ, ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತ ಸಂಗ್ರಹಾಲಯದಂಥ ಸಂಸ್ಥೆಗಳು ನಮ್ಮಲ್ಲಿವೆ. ಆದರೆ ಮನೆಯ ಸ್ಪೂಲು ಅಲ್ಲಿಯವರೆಗೆ ತಾನೇ ನಡೆದುಹೋಗುವುದಿಲ್ಲ. ಅದಕ್ಕೂ ಮೊದಲು ಅದು ಗುಜರಿಯವನ ಕೈಗೆ ಹೋಗದಂತೆ ಯಾರಾದರೂ ತಡೆಯಬೇಕು. ನಡೆಯುವ ಸ್ಥಿತಿಯಲ್ಲಿರುವ ಒಂದೊಂದು ಹಳೆಯ ಯಂತ್ರವೂ ಅಂಥ ಹಲವು ಸ್ಪೂಲುಗಳ ಬೀಗದ ಕೈ.

ಆದ್ದರಿಂದ ವಿದ್ಯಾರ್ಥಿಗಳಿಗೆ, ಓದುಗರಿಗೆ ಒಂದು ಮಾತು. ಹಿರಿಯರ ಮನೆಯಲ್ಲಿ ಇಂಥ ಪೆಟ್ಟಿಗೆ ಸಿಕ್ಕರೆ ಎಸೆಯಬೇಡಿ. ಕುತೂಹಲಕ್ಕೆಂದು ಸಿಕ್ಕ ಯಂತ್ರಕ್ಕೆ ಹಾಕಿ ವೇಗವಾಗಿ ಓಡಿಸಲೂ ಬೇಡಿ. ಬಲ್ಲವರಿಂದ ಒಮ್ಮೆ ಹಾಕಿಸಿ, ಆ ಮೊದಲ ಸಲವೇ ಪ್ರತಿ ಮಾಡಿಸಿ. ಎರಡನೆಯ ಅವಕಾಶ ಇಲ್ಲದಿರಬಹುದು. ಪೆಟ್ಟಿಗೆಯ ಮೇಲಿನ ಬರಹವನ್ನು ಪೂರ್ತಿ ನಂಬಬೇಡಿ. ಟೇಪು ದುಬಾರಿಯಾಗಿದ್ದ ಕಾಲದಲ್ಲಿ ಒಂದರ ಮೇಲೊಂದು ಮುದ್ರಿಸಿರುತ್ತಾರೆ. ಹೊಸದು ಹಳೆಯದಕ್ಕಿಂತ ಚಿಕ್ಕದಾಗಿದ್ದರೆ, ಅಳಿಸುವ ಹೆಡ್ಡು ಮುಟ್ಟದ ಹಳೆಯ ತುಣುಕು ಕೊನೆಯಲ್ಲಿ ಉಳಿದಿರುತ್ತದೆ. ಹಾಡು ಮುಗಿಯಿತೆಂದು ಕೂಡಲೇ ನಿಲ್ಲಿಸದೆ, ಸ್ಪೂಲು ಖಾಲಿಯಾಗುವ ತನಕ ತಿರುಗಲು ಬಿಡಿ.