ಸಾಗರದಡಿಯ ತೊಗಟೆ ಮತ್ತು ತಾಳೆಯಾಗದ ಅಳತೆಗಳು

ಉಪಗ್ರಹದ ಗುರುತ್ವ ದತ್ತಾಂಶದಿಂದ ಸಾಗರದಡಿಯ ಭೂತೊಗಟೆಯನ್ನು ಅರಿಯುವ ವಿದ್ಯೆಯ ಚರಿತ್ರೆಯನ್ನು 1978ರ ಉಪಗ್ರಹ ಸೀಸ್ಯಾಟ್‌ನಿಂದ ಆರಂಭಿಸುವುದು ವಾಡಿಕೆ. ಆದರೆ ಅದರ ಮೂಲಪ್ರಶ್ನೆ ಹುಟ್ಟಿದ್ದು ಮೈಸೂರಿನ ನೆರೆಯಲ್ಲೇ ಶುರುವಾದ ಒಂದು ಮೋಜಣಿಯಿಂದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಮೈಸೂರು ಸೀಮೆಯನ್ನು ಹಾದು ಎರಡೂ ಕರಾವಳಿಗಳನ್ನು ಬೆಸೆಯುವ ತ್ರಿಕೋನ ಮೋಜಣಿಯ ಯೋಜನೆ ಮುಂದಿಟ್ಟ. 1800ರಲ್ಲಿ ಬೆಂಗಳೂರಿನಲ್ಲಿ ಆಧಾರರೇಖೆ ಅಳೆದ. ಅದೇ ಕೆಲಸ ಅವನ ಉತ್ತರಾಧಿಕಾರಿ ಎವರೆಸ್ಟನ ಕಾಲದಲ್ಲಿ ಉತ್ತರಕ್ಕೆ ಬೆಳೆದಾಗ, ಕಲ್ಯಾಣಪುರ ಮತ್ತು ಕಲಿಯಾನಾ ಮೋಜಣಿ ಠಾಣೆಗಳ ನಡುವೆ ನೆಲದ ಅಳತೆಗೂ ನಕ್ಷತ್ರ ನೋಡಿ ಪಡೆದ ಅಕ್ಷಾಂಶಕ್ಕೂ ಸುಮಾರು 5.2 ಕೋನಸೆಕೆಂಡು ವ್ಯತ್ಯಾಸ ಬಂತು. ಹಿಮಾಲಯ ತೂಗುಗುಂಡನ್ನು ಸೆಳೆದಿದ್ದರೆ ಅದು ಸುಮಾರು 15.9 ಆಗಬೇಕಿತ್ತೆಂದು ಕಲ್ಕತ್ತೆಯ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿದ. ಪರ್ವತದ ಬುಡದಲ್ಲಿ ಹಗುರವಾದ ಬೇರಿದೆ ಎಂಬ, ಇಂಗ್ಲೆಂಡಿನ ಖಗೋಳಜ್ಞ ಏರಿಯ ವಿವರಣೆ 1855ರಲ್ಲಿ ಬಂದದ್ದು ಇದಕ್ಕೆ ಉತ್ತರವಾಗಿಯೇ. ಮುಂದೆ ಅದೇ ಮೋಜಣಿಯ ಬೇಸ್ವಿ ಲೋಲಕ ಹೊತ್ತು ಭಾರತವನ್ನು ಸುತ್ತಿದಾಗ ಗುರುತ್ವ ಒಳನಾಡಿಗಿಂತ ಕರಾವಳಿಯಲ್ಲಿ, ಕರಾವಳಿಗಿಂತ ಮಿನಿಕಾಯ್ ದ್ವೀಪದಲ್ಲಿ ಹೆಚ್ಚಾಗಿ ಕಂಡಿತು. ಸಾಗರದಡಿಯ ಶಿಲೆ ಖಂಡದ ಶಿಲೆಗಿಂತ ಭಾರ ಎಂಬುದಕ್ಕೆ ಇದು ಆರಂಭದ ಸಾಕ್ಷ್ಯಗಳಲ್ಲೊಂದು. ಎರಡು ಸ್ವತಂತ್ರ ಅಳತೆಗಳು ತಾಳೆಯಾಗದೆ ಉಳಿದ ಶೇಷವೇ ಈ ವಿದ್ಯೆಯ ನಿಜವಾದ ದತ್ತಾಂಶ. ಉಪಗ್ರಹ ಬಂದ ಮೇಲೂ ಇದು ಬದಲಾಗಿಲ್ಲ ಎಂಬುದು ನನ್ನ ವಾದ.

ಡಚ್ ವಿಜ್ಞಾನಿ ವೆನಿಂಗ್ ಮೈನೆಸ್ 1923ರಲ್ಲಿ ಜಲಾಂತರ್ಗಾಮಿಯಲ್ಲಿ ಲೋಲಕವಿಟ್ಟು ಸಮುದ್ರದಲ್ಲೇ ಗುರುತ್ವ ಅಳೆದ. ಉಪಗ್ರಹದ ಕ್ರಮವೇ ಬೇರೆ. ಅದರಲ್ಲಿರುವ ಆಲ್ಟಿಮೀಟರು ರೇಡಾರ್ ಮಿಡಿತ ಕಳಿಸಿ ಕಡಲ ಮೇಲ್ಮೈಯ ಎತ್ತರ ಅಳೆಯುತ್ತದೆ. ತಳದಲ್ಲಿ 2000 ಮೀಟರ್ ಎತ್ತರದ ಜ್ವಾಲಾಮುಖಿಯಿದ್ದರೆ ಅದು ನೀರನ್ನು ತನ್ನತ್ತ ಸೆಳೆದು, ಮೇಲ್ಮೈ ಸುಮಾರು 2 ಮೀಟರ್ ಉಬ್ಬುತ್ತದೆ. ಹಾಗಾದರೆ ಅಳೆದದ್ದು ನೀರನ್ನೇ ಹೊರತು ಗುರುತ್ವವನ್ನಲ್ಲ, ಅಲೆ, ಉಬ್ಬರ, ಪ್ರವಾಹಗಳೂ ಅದರಲ್ಲಿ ಬೆರೆತಿವೆ ಎಂಬ ಆಕ್ಷೇಪ ಸರಿಯೇ. ಆದರೆ ಅವು ಕಾಲದೊಡನೆ ಬದಲಾಗುತ್ತವೆ, ಶಿಲೆಯ ಸೆಳೆತ ಬದಲಾಗದು. ಒಂದೇ ಹಾದಿಯನ್ನು ಹಲವು ಸಲ ಅಳೆದು ಸರಾಸರಿ ತೆಗೆದರೆ ಅವು ಬಹುಮಟ್ಟಿಗೆ ಜಾರಿಹೋಗುತ್ತವೆ. 1995ರಲ್ಲಿ ಉಪಗ್ರಹ ಜಿಯೋಸ್ಯಾಟ್‌ನ ಗೋಪ್ಯ ದತ್ತಾಂಶ ಬಿಡುಗಡೆಯಾದದ್ದು, 2013ರಲ್ಲಿ ಶ್ರೀಹರಿಕೋಟಾದಿಂದ ಇಸ್ರೋ ಹಾರಿಸಿದ ಇಂಡೋ-ಫ್ರೆಂಚ್ ಉಪಗ್ರಹ ಸರಳ್ 2016ರಿಂದ ನಿಗದಿತ ಹಾದಿ ಬಿಟ್ಟು ಹೊಸ ಜಾಗಗಳ ಮೇಲೆ ಹಾದದ್ದು ನಕ್ಷೆಗಳನ್ನು ಇನ್ನಷ್ಟು ನಿಖರವಾಗಿಸಿದವು.

ಅಳೆದದ್ದು ನೀರನ್ನೇ ಎಂಬುದಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಒಂದೇ ಗುರುತ್ವ ಮೌಲ್ಯಕ್ಕೆ ಹಲವು ಶಿಲಾರಚನೆಗಳು ಹೊಂದಬಲ್ಲವು ಎಂಬುದು. ಬಂಗಾಳ ಕೊಲ್ಲಿಯಲ್ಲಿ ಕಿಲೋಮೀಟರುಗಟ್ಟಲೆ ಹೂಳಿನಡಿ ಹುದುಗಿರುವ 85 ಡಿಗ್ರಿ ಪೂರ್ವ ದಿಬ್ಬವನ್ನೇ ನೋಡಿ. ಏರಿದ ಶಿಲೆಯ ಮೇಲೆ ಗುರುತ್ವ ಹೆಚ್ಚಿರಬೇಕು; ಇದರ ಉತ್ತರ ಭಾಗದಲ್ಲಿ ಕಡಿಮೆಯಿದೆ, ದಕ್ಷಿಣಕ್ಕೆ ಹೋದಂತೆ ಹೆಚ್ಚುತ್ತದೆ. ಗುರುತ್ವ ನಕ್ಷೆಯೊಂದನ್ನೇ ನಂಬಿದವರು ಉತ್ತರದಲ್ಲಿ ಕಣಿವೆಯಿದೆ ಎಂದುಕೊಳ್ಳಬಹುದಿತ್ತು. ಅಲ್ಲಿರುವುದು ದಿಬ್ಬವೆಂದು ತೋರಿಸಿದ್ದು ಹಡಗುಗಳ ಭೂಕಂಪನ ಅಲೆಗಳ ಸಮೀಕ್ಷೆ. ಆ ವೈರುಧ್ಯವೇ ಮುಂದಿನ ತಿಳಿವಿಗೆ ದಾರಿ ತೆರೆಯಿತು: ದಿಬ್ಬದ ಭಾರಕ್ಕೆ ತೊಗಟೆ ಕೆಳಗೆ ಬಾಗಿದೆ, ಮೇಲೆ ತುಂಬಿದ ಹೂಳು ಸಾಂದ್ರತೆಯ ಅಂತರವನ್ನು ತಗ್ಗಿಸಿದೆ.

ಶ್ರೀಲಂಕೆಯ ದಕ್ಷಿಣಕ್ಕೆ ಸಾಗರದ ಮೇಲ್ಮೈ ಸುಮಾರು 106 ಮೀಟರ್ ತಗ್ಗಿರುವುದೂ ಇಂಥ ಎಚ್ಚರ ಬೇಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯೀ ಘೋಷ್ 2023ರಲ್ಲಿ ಪ್ರಕಟಿಸಿದ ಅಧ್ಯಯನ, ಇದರ ಕಾರಣವನ್ನು ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್‌ನಲ್ಲಿ ಮೇಲೇರುತ್ತಿರುವ ಬಿಸಿಯಾದ ಹಗುರ ಶಿಲೆಯಲ್ಲಿ ಗುರುತಿಸಿತು. ಸಾವಿರಾರು ಕಿಲೋಮೀಟರ್ ಹರಡಿದ ಈ ತಗ್ಗನ್ನು ಮೊದಲು ಕಳೆಯದೆ ಹಿಂದೂ ಮಹಾಸಾಗರದ ತೊಗಟೆಯ ದಪ್ಪ ಲೆಕ್ಕ ಹಾಕಿದರೆ, ಆಳದ ದ್ರವ್ಯರಾಶಿಯ ಕೊರತೆಯೆಲ್ಲ ತೊಗಟೆಯ ತಲೆಗೆ ಬೀಳುತ್ತದೆ.