ಪಾಯ ಮುಚ್ಚುವ ಮುನ್ನ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ನಮ್ಮ ಹಿರಿಯರು. ಮನೆಯಲ್ಲಿ ಕಣ್ಣಿಗೆ ಕಾಣುವ ದೋಷಗಳಿಗೆಲ್ಲ ಏನಾದರೊಂದು ಪರಿಹಾರವಿದೆ. ಬಣ್ಣ ಕೆಟ್ಟರೆ ಮತ್ತೆ ಬಳಿಸಬಹುದು; ಬಾಗಿಲು ಬಿಗಿಯಾದರೆ ಬಡಗಿಯನ್ನು ಕರೆಸಬಹುದು. ಪಾಯ ಮಾತ್ರ ಒಮ್ಮೆ ಮುಚ್ಚಿತೆಂದರೆ ಮುಗಿಯಿತು. ಅದರೊಳಗೆ ಏನಿದೆ, ಏನಿಲ್ಲ ಎಂಬುದು ಮಣ್ಣಿಗೆ ಗೊತ್ತು, ಮೇಸ್ತ್ರಿಗೆ ಗೊತ್ತು. ಆದುದರಿಂದ ಮುಚ್ಚುವ ಮುನ್ನ ಮೂರನೆಯವನೊಬ್ಬ ಬಂದು ನೋಡಬೇಕೆಂಬುದು ಇಂದು ನಮಗೆ ಸಹಜವಾದ ಮಾತು. ಆದರೆ ಮನುಷ್ಯ ಇದನ್ನು ಕಲಿಯಲು ಬಹಳ ಕಾಲ ಹಿಡಿಯಿತು.

ಕ್ರಿಸ್ತಪೂರ್ವ 18ನೆಯ ಶತಮಾನದಲ್ಲಿ ಬ್ಯಾಬಿಲೋನಿನ ಅರಸು ಹಮ್ಮುರಾಬಿ ಕಲ್ಲಿನಲ್ಲಿ ಕೆತ್ತಿಸಿದ ಕಾನೂನುಗಳಲ್ಲಿ ಮನೆ ಕಟ್ಟುವವನ ವಿಷಯವೂ ಇದೆ. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ ಎನ್ನುತ್ತದೆ 229ನೆಯ ವಿಧಿ. ಯಜಮಾನನ ಮಗ ಸತ್ತರೆ ಕಟ್ಟಿದವನ ಮಗನಿಗೆ ಅದೇ ಗತಿ. ಕೇಳಿದರೆ ಮೈ ನಡುಗುತ್ತದೆ. ಆದರೆ ಇವೆಲ್ಲ ಮನೆ ಬಿದ್ದ ಮೇಲಿನ ಮಾತು. ಬೀಳದಂತೆ ಮೊದಲೇ ನೋಡುವ ಅಧಿಕಾರಿ ಆ ವಿಧಿಗಳಲ್ಲಿ ಇಲ್ಲ. ಭಯವೇ ಅಲ್ಲಿ ತನಿಖೆ. ಸತ್ತ ಯಜಮಾನನಿಗೆ ಆ ನ್ಯಾಯದಿಂದ ಬಂದ ಲಾಭವೇನು?

ಪಾಯದ ಹಂತದಲ್ಲಿಯೇ ಅಧಿಕಾರಿಯೊಬ್ಬ ಬಂದು ನಿಲ್ಲಬೇಕೆಂಬ ಕಟ್ಟುಪಾಡು ದೊಡ್ಡ ಪ್ರಮಾಣದಲ್ಲಿ ನಡೆದು ಬಂದ ಪ್ರಸಂಗವನ್ನು ನೋಡಬೇಕಾದರೆ ನಾವು ಲಂಡನ್ನಿಗೆ ಹೋಗಬೇಕು. 1666ರ ಸೆಪ್ಟೆಂಬರ್ 2ರಂದು ಬೇಕರಿಯೊಂದರಲ್ಲಿ ಹೊತ್ತಿದ ಬೆಂಕಿ ನಾಲ್ಕೈದು ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ಸುಟ್ಟಿತು. ಬೀದಿ ಯಾವುದು, ಯಾರ ಎಲ್ಲೆ ಎಲ್ಲಿ ಎಂಬುದು ಬೂದಿಯಲ್ಲಿ ತಿಳಿಯದಾಯಿತು. 1667ರ ಫೆಬ್ರವರಿಯಲ್ಲಿ ಪಾರ್ಲಿಮೆಂಟು ಪುನರ್ನಿರ್ಮಾಣದ ಕಾಯಿದೆಯನ್ನು ಮಾಡಿತು. ಹೊರಗೋಡೆ ಇಟ್ಟಿಗೆಯದೋ ಕಲ್ಲಿನದೋ ಆಗಿರಬೇಕು. ಮನೆಗಳಲ್ಲಿ ನಾಲ್ಕು ದರ್ಜೆ. ಒಂದೊಂದು ದರ್ಜೆಯ ಗೋಡೆಗೂ ಇಂತಿಷ್ಟೇ ದಪ್ಪ ಎಂದು ಅದು ವಿಧಿಸಿತು.

ಅದನ್ನು ಜಾರಿಗೆ ತಂದವರು ನಗರದ ಸರ್ವೇಯರುಗಳು. ಅವರಲ್ಲೊಬ್ಬರು ನಮ್ಮಲ್ಲಿ ವಿಜ್ಞಾನ ಓದಿದವರಿಗೆಲ್ಲ ಪರಿಚಿತರಾದ ರಾಬರ್ಟ್ ಹುಕ್. ಸ್ಪ್ರಿಂಗಿನ ನಿಯಮವನ್ನು 1678ರಲ್ಲಿ ಪ್ರಕಟಿಸಿದ ಇದೇ ವಿಜ್ಞಾನಿ, ಅದಕ್ಕೆ ಹನ್ನೊಂದು ವರ್ಷ ಮೊದಲು, 31ನೆಯ ವಯಸ್ಸಿನಲ್ಲಿ, ಸುಟ್ಟ ನಗರದ ಬೀದಿಗಳಲ್ಲಿ ಗೂಟ ನೆಡಿಸುತ್ತಾ ತಿರುಗಿದರೆಂದರೆ ಆಶ್ಚರ್ಯವಲ್ಲವೆ? ಅವರ ಜೊತೆಗಾರರು ಪೀಟರ್ ಮಿಲ್ಸ್ ಮತ್ತು ಜಾನ್ ಆಲಿವರ್.

ಕ್ರಮ ಸರಳವಾಗಿತ್ತು. ಮನೆ ಕಟ್ಟುವವನು ಮೊದಲು ನಿವೇಶನದ ಕಸ ತೆಗೆಸಬೇಕು. ನಗರದ ಖಜಾನೆಗೆ ಒಂದು ಪಾಯಕ್ಕೆ 6 ಷಿಲಿಂಗ್ 8 ಪೆನ್ಸ್, ಎಂದರೆ ಒಂದು ಪೌಂಡಿನ ಮೂರನೆಯ ಒಂದು ಪಾಲು, ಕಟ್ಟಿ ರಸೀದಿ ಪಡೆಯಬೇಕು. ರಸೀದಿ ತೋರಿಸಿದ ಮೇಲೆ ಸರ್ವೇಯರು ಬಂದು ಗೂಟ ಹೊಡೆಸಿ, ಅಳತೆಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವರು. ಎರಡು ಮನೆಗಳ ನಡುವಿನ ಗೋಡೆಯ ತಕರಾರು ಇದ್ದರೆ ಸ್ಥಳದಲ್ಲಿಯೇ ವಿಚಾರಣೆ. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಆ ರಸೀದಿಯ ಬೆಲೆ ಚೆನ್ನಾಗಿ ಅರ್ಥವಾಗುತ್ತದೆ. ಕೆಲವೇ ವರ್ಷಗಳಲ್ಲಿ ಹೀಗೆ 8,000ಕ್ಕೂ ಹೆಚ್ಚು ಪಾಯಗಳನ್ನು ಗುರುತಿಸಲಾಯಿತು. ಮಿಲ್ಸ್ ಮತ್ತು ಆಲಿವರರ ಅಳತೆ ಪುಸ್ತಕಗಳು ಇಂದಿಗೂ ಉಳಿದಿವೆ. ಹುಕ್ ಅವರವು ಮಾತ್ರ ಕಳೆದುಹೋಗಿವೆ.

ಆದರೆ ಈ ಸರ್ವೇಯರುಗಳ ಗಮನ ಹೆಚ್ಚಾಗಿ ಎಲ್ಲೆಯ ಮೇಲೆ, ಇಟ್ಟಿಗೆಯ ಮೇಲೆ. ಅಡಿಯ ನೆಲ ಗಟ್ಟಿಯೋ ಟೊಳ್ಳೋ ಎಂಬ ಪ್ರಶ್ನೆ ನಿಯಮಗಳಲ್ಲಿ ಸ್ಪಷ್ಟವಾಗಿ ಸೇರಲು ಇನ್ನೂ ಎರಡು ಶತಮಾನ ಬೇಕಾಯಿತು. ಇಂಗ್ಲೆಂಡಿನಲ್ಲಿ 1877ರ ಮಾದರಿ ಉಪನಿಯಮಗಳು ಗೋಡೆಯ ಪಾಯ ಗಟ್ಟಿ ನೆಲದ ಮೇಲೋ ಕಾಂಕ್ರೀಟಿನ ಮೇಲೋ ನಿಲ್ಲಬೇಕೆಂದವು. ಚರಂಡಿಯನ್ನಾಗಲಿ ಪಾಯವನ್ನಾಗಲಿ ಮುಚ್ಚುವ ಮುನ್ನ ಸರ್ವೇಯರಿಗೆ ಲಿಖಿತವಾಗಿ ತಿಳಿಸಬೇಕೆಂದೂ ಹೇಳಿದವು. 'ಮುಚ್ಚುವ ಮುನ್ನ' ಎಂಬ ಆ ಎರಡು ಮಾತುಗಳಲ್ಲಿಯೇ ಇಡೀ ವಿಷಯ ಅಡಗಿದೆ. ನಮ್ಮ ದೇಶದಲ್ಲಿಯೂ 1888ರ ಮುಂಬಯಿ ಮುನಿಸಿಪಲ್ ಕಾಯಿದೆ, ಮನೆ ಕಟ್ಟುವ ಉದ್ದೇಶವನ್ನು ಕಮಿಷನರರಿಗೆ ಮೊದಲೇ ತಿಳಿಸಬೇಕೆಂದು ವಿಧಿಸಿತು. ಪ್ಲಿಂತ್ ಮಟ್ಟದಲ್ಲಿ ಕೆಲಸವನ್ನು ಪರೀಕ್ಷಿಸಬೇಕೆಂಬ ನಿಯಮ ಆ ನಗರದಲ್ಲಿ ಮುಂದೆ ಬಂತು.

ಇದನ್ನೆಲ್ಲ ಹೊರನಾಡಿನಲ್ಲಿರುವ ನಾವು ನೆನೆಯಬೇಕಾದ ಕಾರಣವೊಂದಿದೆ. ನಮ್ಮಲ್ಲಿ ಅನೇಕರು ದುಡಿಯುವುದು ಮುಂಬಯಿಯಲ್ಲೋ ದಿಲ್ಲಿಯಲ್ಲೋ. ಮನೆ ಏಳುವುದು ಧಾರವಾಡದಲ್ಲೋ ಮೈಸೂರಿನಲ್ಲೋ. ಸಾಲ ಮಂಜೂರಾದ ದಿನದಿಂದ ಮನಸ್ಸೆಲ್ಲ ಊರಿನಲ್ಲಿಯೇ. ಗುದ್ದಲಿಪೂಜೆಗೆ ರಜೆ ಹಾಕುತ್ತೇವೆ, ಗೃಹಪ್ರವೇಶಕ್ಕಂತೂ ಬಂಧುಬಳಗವನ್ನೆಲ್ಲ ಕಟ್ಟಿಕೊಂಡು ಹೊರಡುತ್ತೇವೆ. ಆದರೆ ಇವೆರಡರ ನಡುವೆ ಯಾವ ಪಂಚಾಂಗದಲ್ಲಿಯೂ ಬರೆಯದ ಒಂದು ದಿನವಿದೆ: ಗುಂಡಿ ತೋಡಿ, ಕಬ್ಬಿಣ ಕಟ್ಟಿ, ಕಾಂಕ್ರೀಟು ಸುರಿಯುವ ಮುಂಚಿನ ದಿನ. ಆ ದಿನಕ್ಕೆ ರಜೆ ಹಾಕುವವರು ವಿರಳ.

ಆ ದಿನ ನೋಡಬೇಕಾದುದು ಬಹಳವೇನಿಲ್ಲ. ಗುಂಡಿಯ ತಳದಲ್ಲಿ ಸಡಿಲ ಮಣ್ಣು, ಕೆಸರು, ನಿಂತ ನೀರು ಇರಕೂಡದು. ಆಳ ನಕ್ಷೆಯಲ್ಲಿದ್ದಷ್ಟು ಇರಬೇಕು. ಭಾರತೀಯ ಮಾನಕದ ಪ್ರಕಾರ ನೆಲಮಟ್ಟದಿಂದ ಕೆಳಗೆ 50 ಸೆಂಟಿಮೀಟರಿಗೆ ಕಡಮೆಯಾಗುವಂತಿಲ್ಲ. ಉತ್ತರ ಕರ್ನಾಟಕದ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಅಲ್ಲಿ ಇಷ್ಟು ಸಾಲದು, ಎಂಜಿನಿಯರರ ಸಲಹೆ ಬೇಕೇ ಬೇಕು. ಕಬ್ಬಿಣದ ಸರಳುಗಳು ಮಣ್ಣಿನ ಮೇಲೆ ಮಲಗಿರಬಾರದು. ಅಡಿಗೆ ಗಟ್ಟಿಗಳನ್ನಿಟ್ಟು 50 ಮಿಲಿಮೀಟರ್ ಮೇಲೆತ್ತಿರಬೇಕು. ಸರಳಿನ ದಪ್ಪ, ಅಂತರಗಳನ್ನು ನಕ್ಷೆಗೆ ಹಿಡಿದು ಅಳೆಯಲು ಒಂದು ಟೇಪು ಸಾಕು. ನಾವೇ ಹೋಗಲಾರದಿದ್ದರೆ, ಗುತ್ತಿಗೆದಾರನಿಗೆ ಸೇರದ ಎಂಜಿನಿಯರರೊಬ್ಬರಿಗೆ ಶುಲ್ಕ ಕೊಟ್ಟು ಕಳಿಸಿ, ಅಳತೆಯನ್ನು ಬರೆಸಿಕೊಳ್ಳಬೇಕು.

ಇದು ಮೇಸ್ತ್ರಿಯ ಮೇಲಿನ ಅಪನಂಬಿಕೆಯಲ್ಲ. ಮೂರನೆಯವನು ನೋಡಿ ಬರೆದಿಟ್ಟ ಕೆಲಸದಲ್ಲಿ ಒಳ್ಳೆಯ ಮೇಸ್ತ್ರಿಗೂ ರಕ್ಷಣೆಯಿದೆ. ಸುಟ್ಟ ಲಂಡನ್ನಿನ ಜನ ಆರೂ ಚಿಲ್ಲರೆ ಷಿಲಿಂಗು ಕೊಟ್ಟು ಕೊಂಡದ್ದು ಈ ರಕ್ಷಣೆಯನ್ನೇ. ಇಪ್ಪತ್ತು ವರ್ಷದ ಸಾಲ ಹೊತ್ತು ಮನೆ ಕಟ್ಟುವ ನಮಗೆ ಅದಕ್ಕಾಗಿ ಒಂದು ದಿನದ ಕ್ಯಾಷುಯಲ್ ಲೀವ್ ಹೆಚ್ಚಿನ ಬೆಲೆಯಾಗಲಾರದು.