ಕೋಣೆಯ ಲೆಕ್ಕ, ಬೇಸಾಯದ ಲೆಕ್ಕ: ಕೊಡಗಿನ ತೋಟ ಪ್ರವಾಸೋದ್ಯಮ

ಹೋಂಸ್ಟೇಗಳನ್ನು ಅಳೆಯಲು ನಮ್ಮಲ್ಲಿರುವ ಮುಖ್ಯ ಅಳತೆಗೋಲು ಕೋಣೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯು 1ರಿಂದ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ ಎಂದು ಮಿತಿ ಹಾಕಿದೆ. ಮಾಲೀಕರ ಕುಟುಂಬ ಅಲ್ಲೇ ವಾಸವಿರಬೇಕು ಎಂದೂ ಹೇಳುತ್ತದೆ. ಮನೆಯ ಸುತ್ತಲಿನ ತೋಟದಲ್ಲಿ ಬೇಸಾಯ ಉಳಿದಿದೆಯೇ ಎಂದು ಅದು ಕೇಳುವುದಿಲ್ಲ. ಕೊಡಗಿನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಇದೇ.

ಇಲ್ಲಿನ ಇಳಿಜಾರುಗಳಲ್ಲಿ ಮರದ ನೆರಳಿನ ಕಾಫಿ, ತಗ್ಗಿನಲ್ಲಿ ಗದ್ದೆ. ಮುಂಗಾರಿನ ನೀರು ಗದ್ದೆಯಲ್ಲಿ ನಿಂತು ನೆಲಕ್ಕೆ ಇಂಗುತ್ತದೆ. ಫೆಬ್ರುವರಿ–ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ರೊಬಸ್ಟಾ ಬೆಳೆಗಾರರು ಕೆರೆಯ ನೀರನ್ನು ಸ್ಪ್ರಿಂಕ್ಲರ್‌ಗೆ ಹಾಯಿಸುತ್ತಾರೆ. ಕೆರೆ ತಳ ಕಾಣುವ ಹೊತ್ತಿಗೆ ಬೇಸಿಗೆ ರಜೆಯ ಅತಿಥಿಗಳು ಬಂದಿಳಿಯುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಹಣ್ಣು ಕೊಯ್ಲಿಗೂ ಹೊಸ ವರ್ಷದ ಅತಿಥಿಗಳ ಉಪಚಾರಕ್ಕೂ ಬೇಕಾಗುವುದು ಅದೇ ಕೈಗಳು.

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತಗಳಿಗೆ ಅತಿವೃಷ್ಟಿಯ ಜೊತೆಗೆ ರಸ್ತೆ, ಕಟ್ಟಡಗಳಿಗಾಗಿ ಇಳಿಜಾರು ಕಡಿದದ್ದನ್ನೂ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಕಾರಣವಾಗಿ ಗುರುತಿಸಿತು. ಹಾಗೆಂದು ಜರಿದ ಬರೆಗಳನ್ನೆಲ್ಲ ಪ್ರವಾಸಿಗರ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಾಫಿ ಬೆಲೆ ಬಿದ್ದ ವರ್ಷಗಳಲ್ಲಿ ತೋಟ ಮಾರದೆ ಉಳಿಯಲು ಸಣ್ಣ ಬೆಳೆಗಾರರಿಗೆ ಅತಿಥಿಗಳ ಹಣ ಆಸರೆಯಾದದ್ದೂ ಉಂಟು.

ಇಟಲಿ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 1985ರಲ್ಲೇ ಕೃಷಿ ಪ್ರವಾಸೋದ್ಯಮಕ್ಕೆ ಪ್ರತ್ಯೇಕ ಕಾನೂನು ಮಾಡಿದ ಆ ದೇಶದಲ್ಲಿ, 2006ರ ಕಾಯ್ದೆಯ ಪ್ರಕಾರ ಕೃಷಿಯೇ ಪ್ರಧಾನವಾಗಿ ಉಳಿಯಬೇಕು. ಅದನ್ನು ನಿರ್ಣಯಿಸುವಾಗ ದುಡಿಮೆಯ ಸಮಯಕ್ಕೆ ವಿಶೇಷ ತೂಕವಿದೆ. ಅತಿಥಿಗಳು ಹತ್ತು ಮಂದಿ ಮೀರದಿದ್ದರೆ ಮಾತ್ರ ಕೃಷಿಯೇ ಪ್ರಧಾನವೆಂದು ತಾನಾಗಿ ಒಪ್ಪಲಾಗುತ್ತದೆ. ಆಲ್ಪ್ಸ್ ಮಡಿಲಿನ ದಕ್ಷಿಣ ಟಿರೋಲಿನಲ್ಲಿ ಹಸು ಸಾಕುವ, ಸೇಬು ಬೆಳೆಯುವ ಕುಟುಂಬಗಳು ಇಂಥ ಚೌಕಟ್ಟಿನೊಳಗೇ ಅತಿಥಿಗಳನ್ನು ಇರಿಸಿಕೊಳ್ಳುತ್ತವೆ.

ಇದನ್ನು ಕೊಡಗಿಗೆ ಹಾಗೆಯೇ ತರಲಾಗದು. ಇಲ್ಲಿ ತೋಟದ ದುಡಿಮೆಯ ಬಹುಪಾಲು ಕೂಲಿಯವರದು. ಮಾಲೀಕರ ಗಂಟೆಗಳನ್ನು ಎಣಿಸಿ ಪ್ರಯೋಜನವಿಲ್ಲ. ನನ್ನ ದೃಷ್ಟಿಯಲ್ಲಿ, ನೆಟ್ಟ ಗದ್ದೆ, ಉಳಿದ ನೆರಳು ಮರ, ಕೆರೆಯ ಸ್ಥಿತಿ ಹೆಚ್ಚು ನಂಬಬಹುದಾದ ಸಾಕ್ಷಿಗಳು. ಹೋಂಸ್ಟೇ ನೋಂದಣಿ ನವೀಕರಿಸುವಾಗ ಪಹಣಿಯ ಬೆಳೆ ಕಾಲಂ ನೋಡಿದರೂ ಒಂದು ಆರಂಭವಾದೀತು. ತೊಡಕು ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನುಗಳದು: ಪಹಣಿಯಲ್ಲಿ ಎಂದೋ ತೀರಿಹೋದ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೇ ಉಳಿದಿರುವುದುಂಟು. ಹೋಂಸ್ಟೇ ನಡೆಸುವವರ ಹೆಸರನ್ನು ಅದಕ್ಕೆ ಜೋಡಿಸುವ ಕೆಲಸ ಪ್ರವಾಸೋದ್ಯಮ ಇಲಾಖೆಯೊಂದರಿಂದಲೇ ಆಗದು, ಕಂದಾಯ ಇಲಾಖೆಯೂ ಕೈಹಾಕಬೇಕು.